ಇಸ್ಸಾಕ್ವಾದಲ್ಲಿಟ್ಟ ಪ್ರಸ್ಥಾನ

ನಮ್ಮ ಮಲಗುವ ಕೋಣೆಯ ಕಪಾಟಿನಲ್ಲಿ, ಕೋಟುಗಳು ನೇತಾಡುವ ಕಡೆ ಕೆಳಗೆ, ಸರಿಯಾಗಿ ಒಂದು ಸೂಟ್‌ಕೇಸ್ ಹಿಡಿಯುವಷ್ಟು ಜಾಗ ಖಾಲಿ ಇದೆ. ಈ ಮನೆಯಲ್ಲಿ ಖಾಲಿ ಜಾಗ ಎನ್ನುವುದು ಅಪರೂಪ. ನನ್ನ ಗಂಡ ಪ್ರಸನ್ನ ಮೊನ್ನೆ ಅಲ್ಲಿ ವ್ಯಾಕ್ಯೂಮ್ ಕ್ಲೀನರ್ ತಂದಿಟ್ಟ. ನಾನು ಅದನ್ನು ತೆಗೆದು ಅದರ ಹಳೆಯ ಜಾಗದಲ್ಲಿ, ಅಂದರೆ ಓಡಾಡುವ ದಾರಿಗೆ ಅಡ್ಡವಾಗಿ, ಮತ್ತೆ ನಿಲ್ಲಿಸಿದೆ. "ಯಾಕೆ, ಅಲ್ಲೇನು ದೇವರು ಕೂತಿದಾರಾ?" ಎಂದು ಕೇಳಿದ. ದೇವರಲ್ಲ, ನೀಲಿ ಬಣ್ಣದ, ಒಂದು ಚಕ್ರ ಕಿರುಗುಟ್ಟುವ ನನ್ನ ಸೂಟ್‌ಕೇಸ್ ಕೂತಿತ್ತು. ಈಗ ಅದು ಅರ್ಧ ಗಂಟೆಯ ದಾರಿಯ ಇಸ್ಸಾಕ್ವಾದಲ್ಲಿ, ನಮಗೆ ಇಲ್ಲಿ ಹಿರಿಯರಂತಿರುವ ವಿಮಲಾ ಆಂಟಿಯವರ ಮನೆಯ ದೇವರ ಕಪಾಟಿನ ಪಕ್ಕದಲ್ಲಿದೆ. ಅದು ಮೈಸೂರಿಗೆ ಹೊರಟಾಗಿದೆ. ನಾನು ಮಾತ್ರ ಅಮೆರಿಕದ ಸಿಯಾಟಲ್ ಪಕ್ಕದ ಬಾಥೆಲ್‌ನಲ್ಲಿ ಬಟ್ಟೆ ಮಡಿಚುತ್ತಾ ಕೂತಿದ್ದೇನೆ.

ಪ್ರಸ್ಥಾನ ಇಡುವ ಪದ್ಧತಿ ನಿಮ್ಮ ಮನೆಯಲ್ಲೂ ಇದ್ದಿರಬಹುದು. ಇಲ್ಲದವರಿಗಾಗಿ ಹೇಳುತ್ತೇನೆ. ದೂರದ ಪ್ರಯಾಣಕ್ಕೆ ಹೊರಡಬೇಕು, ಒಳ್ಳೆಯ ದಿನ ಇರುವುದು ಬುಧವಾರ, ಆದರೆ ರಜೆ ಸಿಗುವುದು ಶನಿವಾರ. ಆಗ ಬುಧವಾರದ ಒಳ್ಳೆಯ ಹೊತ್ತಿನಲ್ಲಿ, ಹೊರಡುವವರ ಬಟ್ಟೆಯೊಂದನ್ನು ಅರಿಶಿನದ ಕೊಂಬು, ಹಿಡಿ ಅಕ್ಕಿಯ ಜೊತೆ ಚೀಲಕ್ಕೆ ಹಾಕಿ, ಹೋಗುವ ದಿಕ್ಕಿನಲ್ಲಿರುವ ಯಾರದಾದರೂ ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಶುರುವಾಯಿತು. ಶನಿವಾರ ಎಷ್ಟು ಕೆಟ್ಟ ದಿನವಾದರೂ ಚಿಂತೆಯಿಲ್ಲ, ನೀವು ಬುಧವಾರವೇ ಹೊರಟಿದ್ದೀರಿ. ಕಟ್ಟಳೆ ಒಂದೇ: ಚೀಲವನ್ನು ಆ ಮನೆಯಿಂದ ಎತ್ತಿಕೊಂಡು ಮುಂದೆ ಹೋಗಬೇಕು, ಮನೆಗೆ ವಾಪಸ್ಸು ತರಬಾರದು. ಗ್ರಹಗಳ ಕಣ್ಣಿಗೆ ಮಣ್ಣೆರಚುವ ಇಂಥ ಸುಲಭದ ಉಪಾಯವನ್ನು ಕಂಡುಹಿಡಿದವರು ಯಾರೋ, ಅವರು ಖಂಡಿತ ಸರ್ಕಾರಿ ನೌಕರಿಯಲ್ಲಿದ್ದವರು.

ಮೈಸೂರಿನಲ್ಲಿ ನಮ್ಮ ಬಾಡಿಗೆ ಮನೆ ಬೀದಿಯ ಪೂರ್ವದ ತುದಿಯಲ್ಲಿತ್ತು. ಅದನ್ನು ದಾಟಿದರೆ ಬಸ್ ನಿಲ್ದಾಣಕ್ಕೆ ಹೋಗುವ ರಸ್ತೆ. ಹೀಗಾಗಿ ಯಾರು ಯಾವ ಊರಿಗೆ ಹೋಗುವುದಿದ್ದರೂ ಬೀದಿಯವರೆಲ್ಲರ ಪ್ರಸ್ಥಾನ ನಮ್ಮ ಮನೆಗೇ ಬರುತ್ತಿತ್ತು. ಪಂಚಾಂಗದ ದಿಕ್ಕಿನ ಬಗ್ಗೆ ಯಾರಾದರೂ ತಕರಾರು ತೆಗೆದರೆ ನಮ್ಮಜ್ಜಿ, "ಕಾಶಿಗೆ ಹೋಗೋದಾದ್ರೂ ಮೊದಲು ಬಸ್ ಸ್ಟ್ಯಾಂಡಿಗೆ ತಾನೆ ಹೋಗ್ಬೇಕು" ಎಂದು ತೀರ್ಪು ಕೊಡುತ್ತಿದ್ದಳು. ನಡುಮನೆಯ ಮೂಲೆಯಲ್ಲಿ ಯಾರದೋ ಬಟ್ಟೆಯ ಚೀಲ, ಯಾರದೋ ತಗಡಿನ ಟ್ರಂಕು, ಹಗ್ಗ ಬಿಗಿದ ಹೋಲ್ಡಾಲು ಯಾವಾಗಲೂ ಇರುತ್ತಿದ್ದವು. ಅವುಗಳಿಗೆ ನುಸಿಗುಳಿಗೆ, ಕೊಬ್ಬರಿ ಎಣ್ಣೆ, ಇಸ್ತ್ರಿಯ ಬಿಸಿ ಎಲ್ಲ ಸೇರಿದ ಒಂದು ವಾಸನೆ. ಬಿಚ್ಚಿ ನೋಡುವ ಹಾಗಿಲ್ಲ. ನಾನು ಮೂಗಿನಿಂದಲೇ ಯಾರ ಚೀಲದಲ್ಲಿ ಚಕ್ಕುಲಿ ಇದೆ ಎಂದು ಹೇಳಬಲ್ಲವಳಾಗಿದ್ದೆ. ಈಗ ಇಲ್ಲೇ ಬಾಥೆಲ್‌ನ ಕ್ಯಾನ್ಯನ್ ಪಾರ್ಕಿನ ಒಂದು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ಯಾವುದನ್ನೂ ಮೂಸಿ ನೋಡಬಾರದು ಎಂದು ಗೋಡೆಯ ಮೇಲೇ ಬರೆದಿದೆ.

ಆ ಟ್ರಂಕುಗಳಲ್ಲಿ ಶಾಮಣ್ಣನ ಟ್ರಂಕನ್ನು ಮರೆಯುವ ಹಾಗಿಲ್ಲ. ಶಾಮಣ್ಣ ಬೀದಿಯ ಇನ್ನೊಂದು ತುದಿಯವ, ಬ್ಯಾಂಕಿನ ಗುಮಾಸ್ತ. ರಾಯಚೂರಿಗೆ ವರ್ಗವಾಗಿ, ಒಳ್ಳೆಯ ದಿನ ನೋಡಿ, ತನ್ನ ಒಳ್ಳೆಯ ಬಟ್ಟೆಯನ್ನೆಲ್ಲ ಟ್ರಂಕಿಗೆ ತುಂಬಿ ನಮ್ಮಲ್ಲಿ ಇಟ್ಟುಹೋದ. ಮರುದಿನವೇ ವರ್ಗಕ್ಕೆ ತಡೆ ಬಂತು. ಹೋಗುವಂತಿಲ್ಲ, ಟ್ರಂಕನ್ನು ವಾಪಸ್ಸು ಒಯ್ಯುವಂತೆಯೂ ಇಲ್ಲ. ಪಾಪ, ಅವನು ದಿನಾ ಬೆಳಿಗ್ಗೆ ಪಂಚೆ ಉಟ್ಟು ನಮ್ಮ ಮನೆಗೆ ಬಂದು, ನಡುಮನೆಯ ಬಾಗಿಲು ಹಾಕಿಕೊಂಡು, ಪ್ಯಾಂಟು ಶರಟು ಹಾಕಿಕೊಂಡು ಆಫೀಸಿಗೆ ಹೋಗುತ್ತಿದ್ದ. ಸಂಜೆ ಬಂದು ಮತ್ತೆ ಪಂಚೆ. ನನಗೆ ಆ ಟ್ರಂಕೇ ಓದುವ ಮೇಜಾಯಿತು. ಮಗ್ಗಿಯನ್ನು ಅದರ ಮೇಲೆ ತಾಳ ಹಾಕುತ್ತಾ ಕಲಿತೆ. ಕೊನೆಗೆ ವರ್ಗ ರದ್ದೇ ಆದಾಗ ಅಜ್ಜಿ ಅವನನ್ನು ಟ್ರಂಕಿನ ಸಮೇತ ಸಿಟಿ ಬಸ್ಸು ಹತ್ತಿಸಿದಳು. ಒಂದು ಸ್ಟಾಪು ಹೋಗಿ, ಇಳಿದು, ಹಿಂದಿನ ಬೀದಿಯಿಂದ ಮನೆಗೆ ಬಂದ. ಪ್ರಯಾಣ ಮಾಡಿ ಬಂದವರಿಗೆ ಮಾಡುವ ಹಾಗೆ ಅವನ ಹೆಂಡತಿ ಕಾಲಿಗೆ ನೀರು ಕೊಟ್ಟಳು.

ನನ್ನನ್ನು ಸಾಕಿದ್ದು ಸರೋಜತ್ತೆ, ಅಪ್ಪನ ತಂಗಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಬೇರೆ ಊರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಾಗಿದ್ದ ಕಾಲ ಅದು. ಆ ಕಡೆ ದಾವಣಗೆರೆ, ಈ ಕಡೆ ಮೈಸೂರು, ನಡುವೆ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ನಮ್ಮತ್ತೆ. ಯಾರಿಗೂ ಅವಳು ಇಲ್ಲ ಎಂದು ಹೇಳಿದವಳಲ್ಲ. "ಟ್ರೈ ಮಾಡ್ತಿದೀನಿ, ಲೈನಲ್ಲೇ ಇರಿ" ಎನ್ನುತ್ತಿದ್ದಳು. ಆ ಮಾತು ಅವಳ ಜೊತೆ ಮನೆಗೂ ಬಂದುಬಿಟ್ಟಿತ್ತು. ದೋಸೆ ಕೇಳಿದರೆ ಅಡುಗೆಮನೆಯಿಂದ "ಲೈನಲ್ಲಿರು" ಎಂಬ ಉತ್ತರ ಬರುತ್ತಿತ್ತು. ನನ್ನ ಜಡೆ ಹೆಣೆಯುವಾಗಲೂ ಒಂದು ಎಳೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅದನ್ನೇ ಹೇಳುತ್ತಿದ್ದಳು. ಅಲ್ಲಾಡಬೇಡ ಎಂದು ಅದರ ಅರ್ಥ.

ಅಮ್ಮ ತೀರಿಕೊಂಡಾಗ ನನಗೆ ಇನ್ನೂ ಹಲ್ಲು ಬೀಳುವ ವಯಸ್ಸು. ಅಪ್ಪನದು ಔಷಧಿ ಕಂಪನಿಯ ಕೆಲಸ, ತಿಂಗಳಲ್ಲಿ ಮುಕ್ಕಾಲು ಪಾಲು ಊರೂರು ಸುತ್ತಾಟ. ತುಮಕೂರಿನಿಂದ ಅಮ್ಮನ ತವರಿನವರು ಬಂದು, ಮಗುವನ್ನು ತಾವು ಸಾಕುತ್ತೇವೆ ಎಂದರು. ದೊಡ್ಡವರೆಲ್ಲ ಕೂತು ಒಪ್ಪಿದರು. ಒಳ್ಳೆಯ ದಿನ ನೋಡಿ, ಅಜ್ಜಿ ನನ್ನ ಒಂದು ಹಸಿರು ಫ್ರಾಕನ್ನು ಚೀಲಕ್ಕೆ ಹಾಕಿ ರಸ್ತೆಯಾಚೆಯ ಹೂವಿನ ಜಯಮ್ಮನ ಮನೆಯಲ್ಲಿ ಪ್ರಸ್ಥಾನ ಇಟ್ಟು ಬಂದಳು. ಮರುದಿನ ಬೆಳಿಗ್ಗೆ ಅತ್ತೆ ರಾತ್ರಿ ಪಾಳಿ ಮುಗಿಸಿ ಬಂದಳು. ಗೂಟದ ಮೇಲೆ ಹಸಿರು ಫ್ರಾಕು ಇರಲಿಲ್ಲ. ಎಲ್ಲಿ ಎಂದು ಕೇಳಿದಳು. ಅಜ್ಜಿ ಹೇಳಿದಳು. ಅತ್ತೆ ಚಪ್ಪಲಿಯನ್ನೂ ಬಿಡದೆ ಹಾಗೇ ತಿರುಗಿ, ರಸ್ತೆ ದಾಟಿ, ಚೀಲ ಎತ್ತಿಕೊಂಡು ಬಂದು ನಡುಮನೆಯಲ್ಲಿ ಇಟ್ಟಳು.

"ಇವಳು ಎಲ್ಲೂ ಹೊರಟಿಲ್ಲ" ಎಂದಳು.

"ಇಟ್ಟ ಪ್ರಸ್ಥಾನ ವಾಪಸ್ ತರಬಾರದು ಕಣೇ" ಎಂದು ಅಜ್ಜಿ ಹೆದರಿಕೊಂಡು ಹೇಳಿದಳು.

"ಅದರಿಂದ ಏನಾಗತ್ತೋ ನಂಗಾಗಲಿ" ಎಂದು ಅತ್ತೆ ಸ್ನಾನಕ್ಕೆ ಹೋದಳು.

ನಾನು ಫ್ರಾಕನ್ನು ಚೀಲದಿಂದ ತೆಗೆದು ಹಾಕಿಕೊಂಡೆ. ಅರಿಶಿನದ ಕೊಂಬಿನ ಕರೆ ಹತ್ತಿತ್ತು, ಎಷ್ಟು ಒಗೆದರೂ ಹೋಗಲಿಲ್ಲ. ಆ ವರ್ಷ ಅತ್ತೆಗೆ ಒಂದು ಸಂಬಂಧ ಬಂದಿತ್ತು, ಅದು ಮುಂದುವರಿಯಲಿಲ್ಲ. ಅದರ ಮುಂದಿನ ವರ್ಷ ಬಂದದ್ದೂ ಅಷ್ಟೇ. ಮಗು ಸ್ವಲ್ಪ ದೊಡ್ಡದಾಗಲಿ ಎನ್ನುತ್ತಿದ್ದಳಂತೆ. ಮಗು ದೊಡ್ಡದಾಯಿತು, ಓದಿತು, ಮದುವೆಯಾಗಿ ಗಂಡನ ಜೊತೆ ಈ ಮಳೆಯ ಊರಿಗೆ ಬಂತು. ಇದೆಲ್ಲ ನಿಧಾನವಾಗಿ ನಡೆದದ್ದರಿಂದ ಯಾರಿಗೂ ಏನೂ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ.

ಹೀಗಿರುವಾಗ ಈ ವರ್ಷದ ಆರಂಭದಲ್ಲಿ ಒಂದು ದಿನ ಅತ್ತೆ ಫೋನ್ ಮಾಡಿದಳು. ನಾನು ಆಫೀಸಿನಿಂದ ಮನೆಗೆ ಡ್ರೈವ್ ಮಾಡುತ್ತಿದ್ದೆ.

"ಒಂದು ವಿಷಯ ಹೇಳ್ತೀನಿ ಪುಟ್ಟಿ, ನಗಬಾರದು."

"ನಗಲ್ಲ ಹೇಳು."

"ಗಾಡಿ ಮೊದಲು ಸೈಡಿಗೆ ಹಾಕು."

ಹಾಕಿದೆ. ಗೋಪಿನಾಥ್ ಎಂಬುವರು ಅವಳ ಎಕ್ಸ್‌ಚೇಂಜಿನಲ್ಲೇ ಲೈನ್ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು. ಹೆಂಡತಿ ಹೋಗಿ ಬಹಳ ವರ್ಷವಾಯಿತು. ಪಿಂಚಣಿದಾರರ ಸಂಘದಲ್ಲಿ ಇಬ್ಬರೂ ಮತ್ತೆ ಸಿಕ್ಕಿದ್ದಾರೆ. ಬೆಳಗಿನ ವಾಕಿಂಗು, ಆಮೇಲೆ ಕಾಫಿ, ಆಮೇಲೆ ಒಬ್ಬರ ಮನೆಯ ಸಾರು ಇನ್ನೊಬ್ಬರ ಮನೆಗೆ. ಈಗ ಮದುವೆ ಮಾಡಿಕೊಳ್ಳೋಣ ಎಂದು ಅವರು ಕೇಳಿದ್ದಾರೆ, ಅರವತ್ತು ದಾಟಿದ ನಮ್ಮತ್ತೆ ಒಪ್ಪಿದ್ದಾಳೆ. ನಾನು ನಗಲಿಲ್ಲ. ಪಾರ್ಕ್ ಮಾಡಿದ ಕಾರಿನಲ್ಲಿ ಕೂತು ಚೆನ್ನಾಗಿ ಅತ್ತುಬಿಟ್ಟೆ. ಗಾಜಿನ ಮೇಲೆ ಮಳೆ ಇದ್ದದ್ದರಿಂದ ಹೊರಗಿನವರಿಗೆ ಕಾಣಿಸಲಿಲ್ಲ.

"ಅಳೋ ಕೆಲಸ ಆಮೇಲೆ. ನಂಗೆ ಧಾರೆ ಎರೆದು ಕೊಡೋರು ಬೇಕಲ್ಲ. ನಿಮ್ಮಪ್ಪ ಇದ್ದಿದ್ರೆ ಅವನು ಕೊಡ್ತಿದ್ದ. ಈಗ ನೀನೂ ಪ್ರಸನ್ನಾನೂ ಬಂದು ಕೊಡ್ಬೇಕು" ಎಂದಳು.

"ಅತ್ತೆಗೆ ಸೊಸೆ ಧಾರೆ ಎರೆಯೋದು ಶಾಸ್ತ್ರದಲ್ಲಿದೆಯಾ?"

"ಪುರೋಹಿತರೂ ಅದನ್ನೇ ಕೇಳಿದ್ರು. ಎರೀಬಾರದು ಅಂತ ಎಲ್ಲಿದೆ ತೋರ್ಸಿ ಅಂದೆ. ಹುಡುಕ್ತಾ ಇದಾರೆ."

ಮುಹೂರ್ತ ಜ್ಯೇಷ್ಠದಲ್ಲಿ ಗೊತ್ತಾಯಿತು. ಅದು ತಪ್ಪಿದರೆ ಆಷಾಢ, ಮದುವೆಯ ಮಾತಿಲ್ಲ.

ಇನ್ನು ನನ್ನ ಕಡೆಯ ಗ್ರಹಚಾರ ಕೇಳಿ. ನಮ್ಮ ಗ್ರೀನ್ ಕಾರ್ಡಿನ ಅರ್ಜಿ ಸರದಿಯಲ್ಲಿ ಕಾದೂ ಕಾದೂ ಕೊನೆಯ ಹಂತಕ್ಕೆ ಬಂದು ನಿಂತಿದೆ. ನಡುವೆ ನಮ್ಮ ಹಳೆಯ ವೀಸಾ ಮುಗಿಯಿತು. ಈಗ ಅರ್ಜಿಯ ಆಸರೆಯಲ್ಲಿ ಸಿಕ್ಕಿದ ಒಂದು ಕೆಲಸದ ಕಾರ್ಡಿನ ಮೇಲೆ ಇದ್ದೇವೆ. ಈ ಸ್ಥಿತಿಯಲ್ಲಿ ದೇಶ ಬಿಟ್ಟು ಹೋಗಬೇಕಾದರೆ ಪ್ರಯಾಣದ ಅನುಮತಿ ಪತ್ರ ಎಂದು ಬೇರೆಯೇ ಒಂದು ಕಾಗದ ಬೇಕು. ಅದು ಕೈಗೆ ಬರುವ ಮೊದಲೇ ವಿಮಾನ ಹತ್ತಿದರೆ ಅರ್ಜಿಯನ್ನು ನಾವೇ ಕೈಬಿಟ್ಟಂತೆ. ಹೋಗಬೇಡಿ ಎಂದು ಯಾರೂ ತಡೆಯುವುದಿಲ್ಲ. ಹೋಗಬಹುದು, ವಾಪಸ್ಸು ಬರುವುದು ನಿಮ್ಮ ಹಣೆಬರಹ. ಮಗಳ ಶಾಲೆ, ಇಬ್ಬರ ಕೆಲಸ, ಇಷ್ಟು ವರ್ಷ ಸರದಿಯಲ್ಲಿ ನಿಂತ ಕಾಲು ನೋವು, ಎಲ್ಲವೂ ಆ ಒಂದು ಕಾಗದದ ಮೇಲೆ ನಿಂತಿತ್ತು.

ಕಾಗದಕ್ಕೆ ಇಬ್ಬರೂ ಒಟ್ಟಿಗೇ ಅರ್ಜಿ ಹಾಕಿದೆವು. ವಕೀಲರಿಗೆ ಫೋನ್ ಮಾಡಿ, ಬೇಗ ತರಿಸಲು ಏನಾದರೂ ದಾರಿ ಇದೆಯೇ ಎಂದು ಕೇಳಿದೆ. ತುರ್ತು ಇದ್ದರೆ ಇದೆ ಎಂದರು. ಹತ್ತಿರದವರು ಯಾರಿಗಾದರೂ ತೀರಾ ಹುಷಾರಿಲ್ಲವೇ ಎಂದು ಕನಿಕರದಿಂದ ವಿಚಾರಿಸಿದರು. ಇಲ್ಲ, ನಮ್ಮ ಅತ್ತೆಗೆ ಮದುವೆ ಎಂದೆ. ಮದುವೆ ತುರ್ತಿನಲ್ಲಿ ಬರುವುದಿಲ್ಲ ಎಂದರು. ಇದನ್ನು ಅತ್ತೆಗೆ ಹೇಳಿದಾಗ ಅವಳು ಸುಲಭವಾಗಿ, "ಬೇಕಾದ್ರೆ ಒಂದು ವಾರ ಹೋಗಿ ಆಸ್ಪತ್ರೇಲಿ ಮಲ್ಕೋತೀನಿ ಬಿಡು. ಮಂಡಿ ನೋವಂತೂ ಇದ್ದೇ ಇದೆ" ಎಂದಳು. ಅದನ್ನು ಬೇಡ ಎನ್ನಿಸುವಷ್ಟರಲ್ಲಿ ನನಗೆ ಸಾಕಾಯಿತು. ಮದುವಣಗಿತ್ತಿಯನ್ನು ಆಸ್ಪತ್ರೆಯಲ್ಲಿ ಮಲಗಿಸಿ ಪಡೆದ ಕಾಗದದಿಂದ ಧಾರೆ ಎರೆಯುವುದು ನನಗೆ ಇಷ್ಟವಿರಲಿಲ್ಲ.

"ಹಾಗಾದ್ರೆ ಪ್ರಸ್ಥಾನ ಇಡು" ಎಂದಳು ಅತ್ತೆ. "ಯಾವುದಕ್ಕೂ ಒಂದು ಒಳ್ಳೆ ದಿನ ನೋಡಿ ಹೊರಟುಬಿಡು. ಕಾಗದ ಹಿಂದಿನಿಂದ ಬರತ್ತೆ."

ನಾನು ವಿಜ್ಞಾನ ಓದಿದವಳು. ಇದನ್ನೆಲ್ಲ ನಂಬುತ್ತೇನೆಯೇ ಎಂದು ನೀವು ಕೇಳಿದರೆ ಇಲ್ಲ ಎನ್ನುತ್ತೇನೆ. ಸೂಟ್‌ಕೇಸ್ ಎಲ್ಲಿದೆ ಎಂದು ಕೇಳಿದರೆ ಇಸ್ಸಾಕ್ವಾದಲ್ಲಿ ಎನ್ನುತ್ತೇನೆ. ಎರಡೂ ನಿಜ.

ಇಡುವುದೇನೋ ಸರಿ, ಯಾವ ದಿಕ್ಕಿನಲ್ಲಿ? ಇದನ್ನು ವಿಮಲಾ ಆಂಟಿಯ ಮನೆಯಲ್ಲಿ ಊಟದ ಹೊತ್ತಿಗೆ ಪ್ರಸ್ತಾಪಿಸಿದ್ದೇ ತಪ್ಪಾಯಿತು. ಅವರ ಯಜಮಾನರು ಮೂರ್ತಿ ಅಂಕಲ್ ನಾವು ಹುಟ್ಟುವ ಮೊದಲೇ ಓದಲು ಬಂದು, ವಿಮಾನದ ರೆಕ್ಕೆಗಳ ಲೆಕ್ಕ ಹಾಕುತ್ತಲೇ ನಿವೃತ್ತರಾದವರು. ಮೊಸರನ್ನವನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋಗಿ ಮೊಮ್ಮಗಳ ಗ್ಲೋಬು ತಂದರು. ಆಂಟಿಯ ಹೂ ಕಟ್ಟುವ ದಾರವನ್ನು ಸಿಯಾಟಲ್‌ನಿಂದ ಮೈಸೂರಿಗೆ ಬಿಗಿಯಾಗಿ ಹಿಡಿದರು. ದಾರ ಪೂರ್ವಕ್ಕೂ ಹೋಗಲಿಲ್ಲ, ಪಶ್ಚಿಮಕ್ಕೂ ಹೋಗಲಿಲ್ಲ. ನೆಟ್ಟಗೆ ಮೇಲೆ ಹತ್ತಿ, ಉತ್ತರ ಧ್ರುವದ ಪಕ್ಕದಲ್ಲಿ ಹಾದು, ಆ ಕಡೆ ಇಳಿಯಿತು.

"ನೋಡಮ್ಮ, ಲೆಕ್ಕದ ಪ್ರಕಾರ ನೀನು ಬ್ಯಾಗನ್ನ ಉತ್ತರಕ್ಕೆ ಇಡ್ಬೇಕು" ಎಂದರು.

"ಏರ್‌ಪೋರ್ಟ್ ಇರೋದು ದಕ್ಷಿಣಕ್ಕಲ್ವಾ ಅಂಕಲ್?" ಎಂದ ಪ್ರಸನ್ನ. ಅವನ ಸಹೋದ್ಯೋಗಿಯೊಬ್ಬ ಟಕ್ವಿಲಾದಲ್ಲಿ ಮಾಲ್ ಹಿಂದಿನ ಅಪಾರ್ಟ್‌ಮೆಂಟಿನಲ್ಲಿದ್ದಾನೆ, ವಿಮಾನ ನಿಲ್ದಾಣಕ್ಕೆ ಕೂಗಳತೆ. ಅಲ್ಲೇ ಇಟ್ಟರೆ ಹೋಗುವಾಗ ಎತ್ತಿಕೊಂಡರಾಯಿತು ಎಂಬುದು ಅವನ ಸಲಹೆ.

ಅತ್ತೆಯನ್ನು ವಿಡಿಯೋ ಕಾಲಿನಲ್ಲಿ ಕರೆದೆವು. ಉತ್ತರದ ವಿಷಯ ಕೇಳಿ, "ಹಿಮಾಲಯಕ್ಕೇನು ಹೋಗ್ತಿದೀರಾ?" ಎಂದಳು. ದಕ್ಷಿಣ ಎಂದೊಡನೆ ಕಿವಿ ಮುಚ್ಚಿಕೊಂಡಳು, ಅದು ಯಮನ ದಿಕ್ಕು. ಕೊನೆಗೆ ಅಜ್ಜಿಯ ತೀರ್ಪನ್ನು ಅವಳೇ ಸ್ವಲ್ಪ ತಿದ್ದಿದಳು. ಬಸ್ ಸ್ಟ್ಯಾಂಡಿನ, ಅಂದರೆ ಇಲ್ಲಿಯ ಏರ್‌ಪೋರ್ಟಿನ, ಕಡೆಯೇ ಹೋಗಬೇಕು, ಆದರೆ ಸ್ವಲ್ಪ ಪೂರ್ವಕ್ಕೆ ಓರೆಯಾಗಿ ಹೋಗಬೇಕು. "ನಿಮ್ಮನೆಯಿಂದ ಹಾಗೆ ಓರೆಯಾಗಿ ಹೋದ್ರೆ ಯಾರ ಮನೆ ಬರತ್ತೆ?" ಎಂದು ಕೇಳಿದಳು. ವಿಮಲಾ ಆಂಟಿ ಮಜ್ಜಿಗೆ ಬಡಿಸುತ್ತಾ, "ನಮ್ಮನೇನೇ ಬರತ್ತೆ ಸರೋಜಮ್ಮ, ಇಲ್ಲೇ ಇಡ್ಲಿ" ಎಂದರು. ಮೂರ್ತಿ ಅಂಕಲ್ ದಾರವನ್ನು ಬೇಸರದಿಂದ ಸುತ್ತಿಟ್ಟರು.

ಒಳ್ಳೆಯ ದಿನ ನೋಡಿ ಸೂಟ್‌ಕೇಸ್ ತುಂಬಿದೆ. ಒಂದು ಬಟ್ಟೆ ಇಟ್ಟರೆ ಸಾಕಿತ್ತು, ಆದರೆ ಊರಿಗೆ ಹೊರಡುವ ಪೆಟ್ಟಿಗೆಯನ್ನು ಕಂಡರೆ ನಮ್ಮವರಿಗೆ ಕೈ ನಿಲ್ಲುವುದಿಲ್ಲ. ಅತ್ತೆಗೆ ಬಾದಾಮಿ, ಗೋಪಿನಾಥರಿಗೆ ಸ್ವೆಟರ್, ಪುರೋಹಿತರಿಗೆ ಟಾರ್ಚು. ನನ್ನ ಧಾರೆಯ ಸೀರೆ, ಹೊಸ ಚಪ್ಪಲಿ, ಇರುವ ಒಂದೇ ಒಂದು ಒಳ್ಳೆಯ ಶಾಲು. ಮೇಲೆ ಅರಿಶಿನದ ಕೊಂಬು, ಹಿಡಿ ಸೋನಾ ಮಸೂರಿ. ಬೆಟ್ಟದ ಮೇಲಿನ ಅವರ ಮನೆಗೆ ಸೂಟ್‌ಕೇಸನ್ನು ಎಳೆದುಕೊಂಡು ಹೋಗುವಾಗ ಎದುರು ಮನೆಯಾಕೆ ನಾಯಿ ಹಿಡಿದುಕೊಂಡು ನಿಂತಿದ್ದಳು. ಪ್ರಯಾಣ ಸುಖಕರವಾಗಲಿ ಎಂದು ಇಂಗ್ಲಿಷಿನಲ್ಲಿ ಹಾರೈಸಿದಳು. ಸ್ವಲ್ಪ ಹೊತ್ತಿಗೆ ನಾನು ಬರಿಗೈಯಲ್ಲಿ ಹೊರಗೆ ಬಂದು ಕಾರು ಹತ್ತಿದ್ದನ್ನೂ ನೋಡಿದಳು. ಯಾವ ಕಥೆ ಕಟ್ಟಿಕೊಂಡಳೋ ಗೊತ್ತಿಲ್ಲ. ನಮ್ಮ ಮಗಳಿಗೆ ಎಲ್ಲವನ್ನೂ ಕನ್ನಡದಲ್ಲಿ ವಿವರವಾಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಸೋ ಇಟ್ಸ್ ಲೈಕ್ ಸೇವಿಂಗ್ ಎ ಸೀಟ್" ಎಂದಳು. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ.

ಆಮೇಲೆ ಶುರುವಾಯಿತು ನನ್ನ ಶಾಮಣ್ಣಾವತಾರ. ಒಬ್ಬರ ಮನೆಯ ನಾಮಕರಣಕ್ಕೆ ಶಾಲು ಬೇಕು, ಅದು ಇಸ್ಸಾಕ್ವಾದಲ್ಲಿ. ಆಫೀಸಿನ ಔತಣಕ್ಕೆ ಚಪ್ಪಲಿ ಬೇಕು, ಅದೂ ಇಸ್ಸಾಕ್ವಾದಲ್ಲಿ. ಒಂದು ಶನಿವಾರ ನಾನು ಬಾಥೆಲ್‌ನಿಂದ ಇಸ್ಸಾಕ್ವಾಕ್ಕೆ ಹೋಗಿ, ಅಲ್ಲಿ ಶಾಲು ಹೊದ್ದು, ನಾಮಕರಣಕ್ಕೆ ಮತ್ತೆ ಬಾಥೆಲ್‌ಗೇ ಬಂದು, ಊಟ ಮಾಡಿ, ಶಾಲು ವಾಪಸ್ಸಿಡಲು ಮತ್ತೆ ಇಸ್ಸಾಕ್ವಾಕ್ಕೆ ಹೋದೆ. "ನಮ್ಮನೆ ಡ್ರೆಸ್ಸಿಂಗ್ ರೂಮ್ ಆಯ್ತು" ಎಂದು ವಿಮಲಾ ಆಂಟಿ ನಕ್ಕು ಪ್ರತಿ ಸಲವೂ ಕಾಫಿ ಕೊಟ್ಟರು. ಪ್ರಸನ್ನ ಪೆಟ್ರೋಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ, ಆಡದೆ ಇರುವುದು ಚೆನ್ನಾಗಿ ಕೇಳಿಸುತ್ತಿತ್ತು.

ದಿನಾ ಸಂಜೆ ಅಂಚೆ ಪೆಟ್ಟಿಗೆಯವರೆಗೆ ನಡೆಯುವುದೇ ನನ್ನ ವಾಕಿಂಗ್ ಆಯಿತು. ಪಿಜ್ಜಾ ಕೂಪನ್ನು, ದಂತವೈದ್ಯರ ಜಾಹೀರಾತು, ಹಿಂದೆ ಇದೇ ಮನೆಯಲ್ಲಿದ್ದವರ ಕಾಗದ. ವಸಂತ ಮುಗಿಯಿತು. ಜ್ಯೇಷ್ಠ ಹತ್ತಿರ ಬಂದಾಗ ಒಂದು ದಿನ ನಿಜವಾಗಿಯೂ ಬಂತು. ಒಡೆದು ನೋಡಿದರೆ ಪ್ರಸನ್ನನ ಅನುಮತಿ ಪತ್ರ. ಒಂದೇ ದಿನ, ಒಂದೇ ಲಕೋಟೆಯಲ್ಲಿ ಕಳಿಸಿದ ಅರ್ಜಿಗಳಲ್ಲಿ ಅವನದು ಬಂದು ನನ್ನದು ಎಲ್ಲೋ ಉಳಿಯಿತು. ಇದು ಇಲ್ಲಿ ಎಲ್ಲರಿಗೂ ಆಗುವುದೇ, ಯಾರನ್ನೂ ಬೈಯುವಂತಿಲ್ಲ. ಅವನು ಅದನ್ನು ಅಪರಾಧಿಯ ಹಾಗೆ ಹಿಡಿದುಕೊಂಡು ನಿಂತಿದ್ದ. "ನಾನೊಬ್ನೇ ಹೋಗಿ ಬರ್ಲಾ?" ಎಂದು ಕೇಳಿದ. ಅತ್ತೆಗೆ ಫೋನಿನಲ್ಲಿ ಅದನ್ನೇ ಹೇಳಿದೆ.

"ಪ್ರಸನ್ನ ಬಂದ್ರೆ ಸಂತೋಷಾನೇ. ಆದ್ರೆ ನಾನು ಸಾಕಿದ್ದು ಅವರನ್ನಲ್ವಲ್ಲ" ಎಂದಳು.

ಮುಹೂರ್ತದ ಹಿಂದಿನ ವಾರ ನಾನೇ ಗಟ್ಟಿ ಮನಸ್ಸು ಮಾಡಿ ಹೇಳಿದೆ. ನನಗಾಗಿ ನಿಲ್ಲಿಸಬೇಡ, ನಮ್ಮ ಕಡೆಯ ನೆಂಟರಲ್ಲಿ ಯಾರಾದರೂ ಗಂಡಹೆಂಡತಿ ಧಾರೆ ಎರೆಯಲಿ, ನಾವು ವಿಡಿಯೋದಲ್ಲಿ ನೋಡುತ್ತೇವೆ. ಇಷ್ಟು ವರ್ಷ ನನ್ನಿಂದ ತಡವಾದದ್ದು ಸಾಕು ಎಂದೂ ಹೇಳಿದೆ. ಆ ಮಾತನ್ನು ನಾನು ಅವಳಿಗೆ ಹಿಂದೆ ಎಂದೂ ಹೇಳಿರಲಿಲ್ಲ. ಅತ್ತೆ ಎಂದಿನಂತೆ, "ನೋಡೋಣ, ಲೈನಲ್ಲಿರು" ಎಂದಳು.

ಅಲ್ಲಿ ಬೆಳಿಗ್ಗೆಯ ಮುಹೂರ್ತ, ಇಲ್ಲಿ ಹಿಂದಿನ ದಿನದ ಸಂಜೆ. ಜೂನ್ ತಿಂಗಳಾದ್ದರಿಂದ ಹೊರಗೆ ಇನ್ನೂ ಒಳ್ಳೆಯ ಬಿಸಿಲು. ಧಾರೆಯ ಸೀರೆ ಇಸ್ಸಾಕ್ವಾದಲ್ಲಿ ಇತ್ತಲ್ಲ, ನಾನು ಇನ್ನೊಂದು ರೇಷ್ಮೆ ಸೀರೆ ಉಟ್ಟೆ. ಪ್ರಸನ್ನ ಪಂಚೆ ಉಟ್ಟ. ಮಗಳು ಲಂಗ ಹಾಕಿಕೊಂಡು, ಕೈಯಲ್ಲಿ ಅಕ್ಷತೆಯ ಬಟ್ಟಲು ಹಿಡಿದು ಲ್ಯಾಪ್‌ಟಾಪಿನ ಮುಂದೆ ಕೂತಳು. ಅಕ್ಷತೆಯನ್ನು ಪರದೆಯ ಮೇಲೆ ಹಾಕುವುದೋ ಕೀಬೋರ್ಡಿನ ಮೇಲೆ ಬಿದ್ದರೆ ಏನು ಮಾಡುವುದೋ ಎಂದು ಅಪ್ಪ ಮಗಳು ಚರ್ಚಿಸುತ್ತಿದ್ದರು. ವಿಡಿಯೋ ತೆರೆಯಿತು.

ಮಂಟಪವಿಲ್ಲ, ವಾಲಗವಿಲ್ಲ, ಪುರೋಹಿತರಿಲ್ಲ. ಅಡುಗೆಮನೆ. ಅತ್ತೆ ಬಣ್ಣ ಹೋದ ಹತ್ತಿಯ ಸೀರೆಯಲ್ಲಿ ನಿಂತು ಕಾಫಿ ಸೋಸುತ್ತಿದ್ದಳು.

"ಏನಿದು ಹೀಗಿದೀಯ? ಹೊತ್ತಾಗ್ಲಿಲ್ವಾ?" ಎಂದೆ.

"ಎಲ್ಲಾ ಆಯ್ತು. ಹೊತ್ತಿಗೆ ಸರಿಯಾಗಿ ಪ್ರಸ್ಥಾನ ಇಟ್ಟು ಬಂದೆ."

"ಏನು?"

"ಪ್ರಸ್ಥಾನ ಕಣೇ. ಇವರೇ, ಸ್ವಲ್ಪ ಅಲ್ಲಿ ತೋರ್ಸಿ."

ಅವಳು ಇನ್ನೊಂದು ಫೋನಿಗೆ ಕೂಗಿದಳು. ಪರದೆಯ ಪಕ್ಕದಲ್ಲಿ ಇನ್ನೊಂದು ಚೌಕ ತೆರೆಯಿತು. ಗೋಪಿನಾಥರು ಅವರ ಮನೆಯಲ್ಲಿ, ಇಸ್ತ್ರಿ ಮಾಡಿದ ಬಿಳಿ ಶರಟಿನಲ್ಲಿ ನಿಂತಿದ್ದರು. ಫೋನನ್ನು ನಿಧಾನವಾಗಿ ತಿರುಗಿಸಿದರು. ಅವರ ಹಾಲಿನಲ್ಲಿ ಒಂದು ಕುರ್ಚಿ, ಕುರ್ಚಿಯ ಮೇಲೆ ಅತ್ತೆಯ ಕಂದು ಬಣ್ಣದ ಹಳೆಯ ಸೂಟ್‌ಕೇಸ್, ಅದರ ಮೇಲೆ ಒಂದು ಮೊಳ ಮಲ್ಲಿಗೆ.

"ಪೆಟ್ಟಿಗೆ ಬಂದಿದೆ ಅಮ್ಮ. ಹುಡುಗಿ ಬರೋದು ಬಾಕಿ" ಎಂದರು. "ನಂಗೇನೂ ಅವಸರ ಇಲ್ಲ" ಎಂದೂ ಸೇರಿಸಿದರು.

ಅತ್ತೆ ವಿವರಿಸಿದಳು. ಪುರೋಹಿತರನ್ನೂ ಒಪ್ಪಿಸಿದ್ದಾಳೆ. ಹೆಣ್ಣು ಗಂಡಿನ ಮನೆಗೆ ಹೋಗುವುದೂ ಪ್ರಯಾಣವೇ, ಅದು ಜ್ಯೇಷ್ಠದ ಒಳ್ಳೆಯ ಮುಹೂರ್ತದಲ್ಲಿ ಶುರುವಾಗಿದೆ. ಆಷಾಢ ಬೇಕಾದರೆ ಬರಲಿ, ಹೋಗಲಿ. ನನ್ನ ಕಾಗದ ಬಂದ ಮೇಲೆ ನಾನು ಹೋಗಿ ಧಾರೆ ಎರೆದರೆ ಮಿಕ್ಕದ್ದು ಮುಗಿಯಿತು. ಒಂದೇ ತೊಂದರೆ ಏನೆಂದರೆ ಒಳ್ಳೆಯ ಸೀರೆಗಳೆಲ್ಲ ಆ ಪೆಟ್ಟಿಗೆಯಲ್ಲೇ ಹೋಗಿವೆ. ಮನೆಯಲ್ಲಿ ಉಳಿದಿರುವುದು ಈ ಹತ್ತಿಯವು. ಎಲ್ಲಾದರೂ ಹೋಗಬೇಕಾದರೆ ಅವರ ಮನೆಗೆ ಹೋಗಿ ಉಟ್ಟುಕೊಂಡು ಹೋಗಬೇಕು.

"ಶಾಮಣ್ಣನ ಹಾಗೆ" ಎಂದೆ.

"ಶಾಮಣ್ಣನ ಹಾಗೇನೇ. ಬೀದಿಯೋರು ಏನು ಬೇಕಾದ್ರೂ ಮಾತಾಡ್ಕೊಳ್ಳಿ."

ಪ್ರಸನ್ನ ನಗುತ್ತಿದ್ದ. ಮಗಳು ಯಾರು ಏನು ಎಂದು ಕೇಳದೆ ಸಿಕ್ಕಿದ್ದೇ ಸಾಕೆಂದು ಒಂದಿಷ್ಟು ಅಕ್ಷತೆಯನ್ನು ಕುರ್ಚಿಯ ಮೇಲಿದ್ದ ಸೂಟ್‌ಕೇಸಿಗೇ ಎರಚಿದಳು. ಈಗಲೂ ನನ್ನ ಕೀಬೋರ್ಡಿನಲ್ಲಿ ಒಂದು ಅಕ್ಷರ ಒತ್ತಿದರೆ ಕರಕರ ಎನ್ನುತ್ತದೆ. ನನಗೆ ಮಾತ್ರ ನಗಲು ಆಗಲಿಲ್ಲ.

"ಅತ್ತೆ, ಬೇಡ. ನನ್ನ ಕಾಗದ ಯಾವಾಗ ಬರತ್ತೋ ಗೊತ್ತಿಲ್ಲ. ಪೆಟ್ಟಿಗೆ ವಾಪಸ್ ತರಿಸ್ಕೋ. ಒಳ್ಳೆ ಸೀರೆ ಉಟ್ಕೊಂಡು ಇವತ್ತೇ ಮದುವೆ ಮಾಡ್ಕೋ" ಎಂದೆ.

ಅತ್ತೆ ಕಾಫಿಯ ಲೋಟವನ್ನು ಕೆಳಗಿಟ್ಟಳು. ಪರದೆಯ ಹತ್ತಿರ ಬಂದಳು. ಅವಳ ಮುಖದ ಅರ್ಧ ಮಾತ್ರ ಕಾಣುತ್ತಿತ್ತು, ಫೋನನ್ನು ಸರಿಯಾಗಿ ಹಿಡಿಯಲು ಅವಳಿಗೆ ಇನ್ನೂ ಬಂದಿಲ್ಲ.

"ಇಟ್ಟ ಪ್ರಸ್ಥಾನ ವಾಪಸ್ ತಂದಿದ್ದು ನಾನು ಒಂದೇ ಸಲ" ಎಂದಳು. "ಆ ಫ್ರಾಕಿನವಳೇ ಈಗ ಬರ್ಬೇಕಾಗಿರೋದು. ಕಾಯ್ತೀನಿ ಬಿಡು."

ನನ್ನ ಕಾಗದ ಇನ್ನೂ ಬಂದಿಲ್ಲ. ಆಷಾಢ ನಡೆಯುತ್ತಿದೆ. ಸಂಜೆ ಅಂಚೆ ಪೆಟ್ಟಿಗೆಯವರೆಗೆ ಹೋಗಿ ದಂತವೈದ್ಯರ ಜಾಹೀರಾತು ತರುತ್ತೇನೆ. ಮೊನ್ನೆ ಇಸ್ಸಾಕ್ವಾಕ್ಕೆ ಹೋಗಿ ಸೂಟ್‌ಕೇಸ್ ತೆರೆದು, ಬಾದಾಮಿಗೆ ಹುಳ ಬಿದ್ದಿದೆಯೇ ನೋಡಿದೆ, ಬಿದ್ದಿರಲಿಲ್ಲ. ಅರಿಶಿನದ ಕೊಂಬು ಅಕ್ಕಿಯೊಳಗಿಂದ ಜಾರಿ, ನನ್ನ ಧಾರೆಯ ಸೀರೆಯ ಸೆರಗಿಗೆ ಹಳದಿ ಕರೆ ಹತ್ತಿಸಿತ್ತು. ವಿಮಲಾ ಆಂಟಿ ಸೋಪಿನ ನೀರು ತರುತ್ತೇನೆ ಎಂದು ಎದ್ದರು. ಬೇಡ ಆಂಟಿ, ಅದು ಹಾಗೇ ಇರಲಿ ಎಂದು ಸೀರೆಯನ್ನು ಮಡಿಚಿ ಮತ್ತೆ ಒಳಗಿಟ್ಟೆ.